ಕೊಡಗಿನ ಗೌರಮ್ಮನ ಬ್ಯಾಪ್ಟಿಸಂ ದಾಖಲೆ ಸಿಗುತ್ತಿಲ್ಲ, ತಲೆ ಕೆಟ್ಟುಹೋಗಿದೆ

ಕಡತಪ್ರಿಯ:
ಎರಡು ವಾರವಾಯಿತು. ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇದ್ದಾಳಲ್ಲ, ಅವಳ ಬ್ಯಾಪ್ಟಿಸಂ ನಮೂದು ಎಲ್ಲೂ ಇಲ್ಲ. ಎಲ್ಲಾ ಹುಡುಕಿ ಆಯಿತು. ದಾಖಲೆ ಹುಡುಕುವ ಜಾಲತಾಣಕ್ಕೆ ಕಟ್ಟಿದ ಚಂದಾ ದಂಡ. ಯಾರಾದರೂ ನೋಡಿದ್ದೀರಾ?

ಮಂಜಿನಮನೆ:
ಸ್ಪೆಲ್ಲಿಂಗ್ ಸಮಸ್ಯೆ, ನೂರಕ್ಕೆ ನೂರು. ಜಿ ಆದಮೇಲೆ ಓಯು, ಎಯು, ಓಡಬ್ಲ್ಯು ಮೂರೂ ಹಾಕಿ.

ಕಡತಪ್ರಿಯ:
ಹಾಕಿದೆ. ಇಲ್ಲ.

ಮಂಜಿನಮನೆ:
ಒಂದು ಎಮ್ ತೆಗೆದು ನೋಡಿ. ನಮ್ಮ ಮುತ್ತಜ್ಜಿ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದಾರೆ.

ಸೀಮೆಸುಣ್ಣ:
ಸರ್, ಯಾವ ಸರಣಿ, ಯಾವ ವರ್ಷ ಅಂತ ಹೇಳೇ ಇಲ್ವಲ್ಲ?

ಕಡತಪ್ರಿಯ:
ಅದು ಗೊತ್ತಿರೋದೇ ಅಲ್ವಾ? ಹುಟ್ಟಿದ್ದು 1841, ಕಾಶಿ. ಹಾಗಾಗಿ ಇಂಡಿಯಾ ಆಫೀಸ್ ಎನ್/1, ಅಂದರೆ ಬ್ರಿಟಿಷರ ಕಾಲದ ಬಂಗಾಳದ ಚರ್ಚ್ ದಾಖಲೆಗಳ ಸರಣಿ, 1841ರಿಂದ 1845.

ಸೀಮೆಸುಣ್ಣ:
ಎಡವಿದ್ದು ಅಲ್ಲೇ. ಹುಟ್ಟಿದಾಗ ಅವಳು ಕ್ರೈಸ್ತಳಲ್ಲ, ಚರ್ಚಿನ ಪುಸ್ತಕಕ್ಕೆ ಹೇಗೆ ಬರುತ್ತಾಳೆ? 1834ರಲ್ಲಿ ರಾಜ್ಯ ಹೋಯಿತು, ರಾಜನನ್ನು ಕಾಶಿಗೆ ಸಾಗಿಸಿದರು. 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಬ್ಯಾಪ್ಟಿಸಂ ಆದದ್ದು ಅಲ್ಲಿ, ಅದೇ ವರ್ಷ. ರಾಣಿ ವಿಕ್ಟೋರಿಯಾಳೇ ಗಾಡ್‌ಮದರ್. ವಿಕ್ಟೋರಿಯಾ ಗೌರಮ್ಮ ಅಂತ ಹೆಸರು ಬಂದದ್ದು ಹಾಗೆ.

ಮಂಜಿನಮನೆ:
ಅಲ್ಲೂ ಸ್ಪೆಲ್ಲಿಂಗ್ ತಪ್ಪೇ ಇರುತ್ತದೆ, ನೋಡಿ.

ಕಾವೇರಿತಟ:
ಬೇರೆ ಮಾತು. ಈ ಚರ್ಚೆಗೆ ‘ಕೊಡವತಿ’ ಅಂತ ಟ್ಯಾಗ್ ಯಾಕೆ? ಕೊಡಗನ್ನು ಆಳಿದ ಈ ಹಾಲೇರಿ ಮನೆತನದವರು ಲಿಂಗಾಯತರು.

ಮಂಜಿನಮನೆ:
ಕೊಡಗನ್ನು ಆಳಿದವರು ಕೊಡಗಿನವರೇ ಸ್ವಾಮಿ.

ಕಾವೇರಿತಟ:
ಕೊಡಗಿನವರು ಬೇರೆ, ಕೊಡವ ಸಮುದಾಯದವರು ಬೇರೆ. ಇದೂ ಸ್ಪೆಲ್ಲಿಂಗ್ ಸಮಸ್ಯೆಯಾ?

ಸ್ಕ್ಯಾನರ್‌ಸಾಮಿ:
ಸುಮ್ನೆ ಹೇಳುತ್ತಿದ್ದೇನೆ, ನಾನು ಎಪ್ಸನ್ ವಿ600 ತಗೊಂಡೆ. ಅಜ್ಜಿಯ ಮದುವೆ ಫೋಟೊ 1200 ಡಿಪಿಐನಲ್ಲಿ ಹಾಕಿದರೆ ಸೀರೆಯ ಎಳೆ ಎಣಿಸಬಹುದು. ಕಾಪಿ ಎರಡು ಹಾರ್ಡ್‌ಡಿಸ್ಕ್‌ನಲ್ಲಿದೆ. ಒಂದು ಅತ್ತೆ ಮನೆಯಲ್ಲಿ.

ಕಡತಪ್ರಿಯ:
ಸರಿ, 1852. ಥ್ಯಾಂಕ್ಸ್. ಆದರೆ ಇಂಗ್ಲೆಂಡಿನ 1851, 1861ರ ಜನಗಣತಿಯಲ್ಲೂ ಗೌರಮ್ಮ ಇಲ್ಲವಲ್ಲ?

ಸೀಮೆಸುಣ್ಣ:
1851ರಲ್ಲಿ ಅವಳು ಇನ್ನೂ ಕಾಶಿಯಲ್ಲೇ ಇದ್ದಳು ಸರ್! 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆ. ಆಮೇಲಿನದ್ದಕ್ಕೆ ಕ್ಯಾಂಪ್‌ಬೆಲ್ ಅಂತ ಹುಡುಕಿ, ಹುಟ್ಟೂರಿಗೆ ಇಂಡಿಯಾ ಹಾಕಿ. ಮಗಳು ಈಡಿತ್ ಹುಟ್ಟಿದ್ದು 1861. ಅದಕ್ಕೆ ಜಿಆರ್‌ಒ (ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿ) ಜಾಲತಾಣದ ಸೂಚಿಯೇ ಬೇಕು. ಹಳೆ ಸೂಚಿಯಲ್ಲಿ 1911ಕ್ಕೆ ಮೊದಲು ತಾಯಿಯ ತವರಿನ ಅಡ್ಡಹೆಸರು ಇರಲ್ಲ, ಇದರಲ್ಲಿ ಇರುತ್ತದೆ. ಅಡ್ಡಹೆಸರೇ ಇಲ್ಲದವಳಿಗೆ ಗುಮಾಸ್ತ ಏನು ಬರೆದನೋ! 1864ರಲ್ಲಿ ತೀರಿಕೊಂಡಳು, 23 ಕೂಡ ತುಂಬಿರಲಿಲ್ಲ ಪಾಪ. ಸಮಾಧಿ ಲಂಡನ್ನಿನ ಬ್ರಾಂಪ್ಟನ್‌ನಲ್ಲಿದೆ.

ಮಂಜಿನಮನೆ:
ಕ್ಯಾಂಪ್‌ಬೆಲ್‌ನಲ್ಲಿ ಪಿ ಬಿಟ್ಟೂ ಹುಡುಕಿ.

ಕಡತಪ್ರಿಯ:
ಬಿಟ್ಟೆ. ಈಗ ಐವತ್ತು ಪುಟ ಜಾನ್‌ಗಳು ಬಂದು ಕೂತಿದ್ದಾರೆ.