ಪೂಲ್ ಪ್ಯಾನಲ್ ದಿನಾ ಸಂಜೆ ಟ್ರಿಪ್ ಆಗುತ್ತಿದೆ: ರಿಪೇರಿ ಮಾಡಿಸಲೋ, ಹೊಸತು ಹಾಕಿಸಲೋ? (ಬದಿಯಡ್ಕ)

ತೋಟದಮನೆ_ಬದಿಯಡ್ಕ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ಹೇಳಿ. ಮನೆ ಹಿಂದೆ ಸಣ್ಣ ಈಜುಕೊಳ ಉಂಟು. ಒಂದೂವರೆ ಎಚ್‌ಪಿ ಪಂಪ್, ಸ್ಯಾಂಡ್ ಫಿಲ್ಟರ್. ಇವನ್ನೆಲ್ಲ ನಡೆಸುವ ಸ್ವಿಚ್ಚುಗಳ ಬಾಕ್ಸ್, ಅಂದರೆ ಪ್ಯಾನಲ್, ಪೂಲ್ ಮಾಡಿಕೊಟ್ಟವರೇ ಹಾಕಿದ್ದು. ಈಗ ಸಂಜೆ ಟೈಮರ್ ಆನ್ ಆದ ಕೂಡಲೇ ಪ್ಯಾನಲ್ ಟ್ರಿಪ್. ಎತ್ತಿ ಹಾಕಿದರೆ ಮತ್ತೆ ಟ್ರಿಪ್. ಎಲೆಕ್ಟ್ರಿಷಿಯನ್ ಬಂದು ಕಾಂಟಾಕ್ಟರ್ (ಟೈಮರ್ ಹೇಳಿದಾಗ ಪಂಪನ್ನು ಆನ್-ಆಫ್ ಮಾಡುವ ಸ್ವಿಚ್) ಬದಲಿಸಿದರು, ಕೆಪಾಸಿಟರ್ ಬದಲಿಸಿದರು, ದುಡ್ಡು ತಗೊಂಡು ಹೋದರು. ಮರುದಿನ ಅದೇ ಕತೆ. ಫಿಲ್ಟರ್ ಸರಿಯಾಗಿ ಓಡದೆ ನೀರು ಹಸಿರಾಗುತ್ತಿದೆ. ರಜೆಗೆ ಅಕ್ಕನ ಮಕ್ಕಳು ಬರುವವರಿದ್ದಾರೆ. ಮಂಗಳೂರಿನ ಒಬ್ಬರು ಮೊಬೈಲಿನಲ್ಲಿ ನಡೆಸುವ ಹೊಸ ಪ್ಯಾನಲ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದಾ?

ಪಂಪ್‌ಸೆಟ್_ಮುಳ್ಳೇರಿಯ:
ಸಂಜೆ ಮಾತ್ರ ಅಂದರೆ ಬೇರೆ ಏನೂ ಅಲ್ಲ, ಲೋ ವೋಲ್ಟೇಜ್. ನಮ್ಮ ತೋಟದ ಪಂಪಿಗೂ ಇದೇ ಆಗುತ್ತಿತ್ತು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಪೀಕ್. ವೋಲ್ಟೇಜ್ ಇಳಿದರೆ ಮೋಟಾರು ಆಂಪಿಯರ್ ಜಾಸ್ತಿ ಎಳೆಯುತ್ತದೆ, ಆಗ ಮೋಟಾರು ಸುಡದಂತೆ ಕಾಯುವ ಓವರ್‌ಲೋಡ್ ರಿಲೇ ಬೀಳುತ್ತದೆ. ಮೊದಲು ಮೀಟರ್ ಹಿಡಿದು ವೋಲ್ಟೇಜ್ ನೋಡಿ.

ತೋಟದಮನೆ_ಬದಿಯಡ್ಕ:
ನೋಡಿದೆ ಅಣ್ಣ. ಸಂಜೆ 195ರ ಹತ್ತಿರ ತೋರಿಸುತ್ತದೆ.

ಪಂಪ್‌ಸೆಟ್_ಮುಳ್ಳೇರಿಯ:
ಅದೇ ಹೇಳಿದ್ದು! 230 ಇರಬೇಕಾದಲ್ಲಿ 195. ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಸುಮಾರು 72 ಪರ್ಸೆಂಟ್ ಮಾತ್ರ ಉಳಿಯಿತು. ಸ್ಟಾರ್ಟ್ ಆಗುವಾಗ ಒದ್ದಾಡುತ್ತದೆ. ವೋಲ್ಟೇಜ್ ಏರಿಳಿಯದಂತೆ ಹಿಡಿದಿಡುವ ಒಳ್ಳೆಯ ಸರ್ವೋ ಸ್ಟೆಬಿಲೈಸರ್ ಹಾಕಿ. ಪ್ಯಾನಲ್‌ಗೆ ದುಡ್ಡು ಸುರಿಯಬೇಡಿ.

ಕಡಲಬದಿ_ಉಪ್ಪಳ:
ಓವರ್‌ಲೋಡ್ ರಿಲೇಗೆ ವಯರ್ ಹೇಗೆ ಕೊಟ್ಟಿದ್ದಾರೆ ನೋಡಿ. ಅಂಗಡಿಯಲ್ಲಿ ಸಿಗುವುದು ಮೂರು ಪೋಲಿನದ್ದು, ಅಂದರೆ ಕರೆಂಟ್ ಹರಿಯಲು ಮೂರು ದಾರಿ ಇರುವಂಥದ್ದು. ಸಿಂಗಲ್ ಫೇಸ್ ಮೋಟಾರಿಗೆ ಹಾಕುವಾಗ ಕರೆಂಟ್ ಮೂರೂ ಪೋಲಿನಲ್ಲಿ ಹರಿಯುವಂತೆ ಲೂಪ್ ಹಾಕಬೇಕು. ಒಂದೇ ಪೋಲಿನಲ್ಲಿ ಕೊಟ್ಟರೆ ರಿಲೇ ಅದನ್ನು ಫೇಸ್ ಹೋಗಿದೆ ಎಂದು ಎಣಿಸಿ ಬೇಗ ಬೀಳುತ್ತದೆ. ಸೆಟ್ಟಿಂಗ್ ಕೂಡ ನೇಮ್‌ಪ್ಲೇಟಿನಲ್ಲಿ ಬರೆದ ಆಂಪಿಯರ್‌ಗೇ ಇಡಬೇಕು. ಕೆಲವರು ಟ್ರಿಪ್ ಆಗಬಾರದು ಅಂತ ಸುಮ್ನೆ ಮೇಲಕ್ಕೆ ತಿರುಗಿಸಿ ಇಡುತ್ತಾರೆ. ಆಮೇಲೆ ವೈಂಡಿಂಗ್ ಸುಡುತ್ತದೆ.

ನನ್ನ ಹೋಂಸ್ಟೇಯಲ್ಲಿ ಎರಡು ಪಂಪ್, ಸಾಲ್ಟ್ ಕ್ಲೋರಿನೇಟರ್, ಬ್ಯಾಲೆನ್ಸ್ ಟ್ಯಾಂಕಿಗೆ ಲೆವೆಲ್ ಕಂಟ್ರೋಲರ್, ಎಲ್ಲ ಒಂದೇ ಪ್ಯಾನಲ್‌ನಲ್ಲಿ. ಕಡಲ ಗಾಳಿ ಇದ್ದರೂ ಒಂದು ಸ್ಕ್ರೂ ತುಕ್ಕು ಹಿಡಿದಿಲ್ಲ, ಯಾಕೆಂದರೆ ಬಾಕ್ಸ್ ಪಾಲಿಕಾರ್ಬೊನೇಟಿನದ್ದು. ಬೇಕಿದ್ದರೆ ಫೋಟೋ ಹಾಕುತ್ತೇನೆ.

ಪಂಪ್‌ಸೆಟ್_ಮುಳ್ಳೇರಿಯ:
ಫೋಟೋ ಆಮೇಲೆ ನೋಡುವ. ಸ್ಟೆಬಿಲೈಸರ್ ಎಷ್ಟು ಕೆವಿಎ ಬೇಕು ಎಂದು ಯಾರಾದರೂ ಹೇಳಿ. ನಾನು 5 ಅನ್ನುತ್ತೇನೆ.

ಕಡಲಬದಿ_ಉಪ್ಪಳ:
ಒಂದೂವರೆ ಎಚ್‌ಪಿಗೆ 3 ಸಾಕು ಮಾರಾಯ್ರೆ.

ಪಂಪ್‌ಸೆಟ್_ಮುಳ್ಳೇರಿಯ:
ಸ್ಟಾರ್ಟಿಂಗ್ ಕರೆಂಟ್ ಲೆಕ್ಕ ಹಿಡಿಯದೆ ಹೇಳಬೇಡಿ. ಸ್ಟಾರ್ಟ್ ಆಗುವಾಗ ಅದು ಓಡುವ ಕರೆಂಟಿನ ಹಲವು ಪಟ್ಟು.

ವಯರ್‌ಮನ್_ಪೆರ್ಲ:
ಸ್ಟೆಬಿಲೈಸರ್ ವಿಷಯ ಸ್ವಲ್ಪ ಬದಿಗಿಡಿ. ಅವರು ಇಷ್ಟರವರೆಗೆ ಒಂದು ಮುಖ್ಯ ಸಂಗತಿ ಹೇಳಲೇ ಇಲ್ಲ. "ಪ್ಯಾನಲ್ ಟ್ರಿಪ್" ಎಂದರೆ ಏನು? ಆ ಬಾಕ್ಸ್ ಒಳಗೆ ಬೀಳುವಂಥದ್ದು ಮೂರು ಉಂಟು. ಎಂಸಿಬಿ ಬಿದ್ದರೆ ಶಾರ್ಟ್, ಅಥವಾ ಕರೆಂಟ್ ತುಂಬಾ ಜಾಸ್ತಿ. ಓವರ್‌ಲೋಡ್ ರಿಲೇ ಬಿದ್ದರೆ ಮೋಟಾರಿನ ಭಾರ ಅಥವಾ ವೋಲ್ಟೇಜ್. ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ. ಮೂರಕ್ಕೂ ಔಷಧ ಬೇರೆ ಬೇರೆ.

ತೋಟದಮನೆಯವರೇ, ಕೆಳಗೆ ಬೀಳುವುದು ಯಾವುದು? ಬೆಳಿಗ್ಗೆ ಪಂಪ್ ಓಡುತ್ತದಾ? ಟೈಮರ್ ಆನ್ ಆದಾಗ ಪಂಪ್ ಒಂದೇ ಆನ್ ಆಗುವುದಾ, ಬೇರೆ ಏನಾದರೂ ಉಂಟಾ?

ತೋಟದಮನೆ_ಬದಿಯಡ್ಕ:
"ಟಿ" ಎಂದು ಬರೆದ ಸಣ್ಣ ಬಟನ್ ಇರುವ ಅಗಲದ ಸ್ವಿಚ್ ಬೀಳುವುದು. ಬೆಳಿಗ್ಗೆ ಎರಡು ಗಂಟೆ ಪಂಪ್ ಚೆನ್ನಾಗಿಯೇ ಓಡುತ್ತದೆ, ಏನೂ ಆಗುವುದಿಲ್ಲ. ಸಂಜೆ ಪಂಪಿನ ಜೊತೆ ನೀರೊಳಗಿನ ಲೈಟೂ ಬರುತ್ತದೆ. ಅದು ಮಾಮೂಲಿ ಅಲ್ವಾ?

ವಯರ್‌ಮನ್_ಪೆರ್ಲ:
ಆ ಟಿ ಬಟನ್ ಇರುವುದೇ ಆರ್‌ಸಿಸಿಬಿ. ವೋಲ್ಟೇಜ್ ಇಳಿದದ್ದಕ್ಕೆ ಅದು ಬೀಳುವುದಲ್ಲ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತದಾ ಎಂದು ಅದು ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಆಗುವ ಮೊದಲೇ ಬೀಳಬೇಕು. ಬೆಳಿಗ್ಗೆ ಪಂಪ್ ಓಡುತ್ತದೆ, ಸಂಜೆ ಲೈಟ್ ಸೇರಿದಾಗ ಬೀಳುತ್ತದೆ. ಹಾಗಾದರೆ ನನ್ನ ಅನುಮಾನ ಲೈಟಿನ ಲೈನ್ ಮೇಲೆ.

ಈಗಲೇ ಒಂದು ಮಾತು. ಕಾರಣ ಸಿಗುವವರೆಗೆ ಯಾರೂ ನೀರಿಗೆ ಇಳಿಯಬೇಡಿ. ಕೈ ಹಾಕಿ ಕಸ ತೆಗೆಯುವುದೂ ಬೇಡ.

ಪಂಪ್‌ಸೆಟ್_ಮುಳ್ಳೇರಿಯ:
ಆರ್‌ಸಿಸಿಬಿಯೇ ಹಾಳಾಗಿರಬಹುದು. ಗುಡುಗು ಮಳೆಗೆ ನಮ್ಮಲ್ಲಿ ಎಷ್ಟು ಹೋಗಿಲ್ಲ! ಅದನ್ನು ಬೈಪಾಸ್ ಮಾಡಿ ಒಂದು ಸಂಜೆ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ವಯರ್‌ಮನ್_ಪೆರ್ಲ:
ದಯವಿಟ್ಟು ಆ ಸಲಹೆ ಕೊಡಬೇಡಿ ಅಣ್ಣ. ತೋಟದ ಪಂಪಿಗೂ ಅದು ತಪ್ಪೇ. ಇದಂತೂ ಮಕ್ಕಳು ಈಜುವ ನೀರು. ಒದ್ದೆ ಮೈಗೆ ಕರೆಂಟಿನ ತಡೆ ತುಂಬಾ ಕಡಿಮೆ. ಬೈಪಾಸ್ ಮಾಡಿದರೆ ಲೈಟ್ ಉರಿಯುತ್ತದೆ, ಪಂಪ್ ಓಡುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಸೋರುವುದು ಮಾತ್ರ ನಿಂತಿರುವುದಿಲ್ಲ. ಆರ್‌ಸಿಸಿಬಿ ಮೇಲೆ ಅನುಮಾನ ಇದ್ದರೆ ಹೊರಹೋಗುವ ಎಲ್ಲ ವಯರ್ ಬಿಚ್ಚಿ ಎತ್ತಿ ನೋಡಬಹುದು. ಖಾಲಿ ಇದ್ದಾಗಲೂ ಬಿದ್ದರೆ ಅದು ಹಾಳು. ನಿಂತರೆ ಲೈನಿನಲ್ಲಿ ದೋಷ.

ನೀರ್ಚಾಲು_ಇಇ:
ವಯರ್‌ಮನ್ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಪ್ರಶ್ನೆ. ನೀರೊಳಗಿನ ಲೈಟ್ 12 ವೋಲ್ಟಿನದ್ದು ತಾನೆ? ಐಸೊಲೇಶನ್ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 12 ವೋಲ್ಟಿನ ಕಡೆ ಲೀಕ್ ಆದರೆ ಈಚೆ ಇರುವ ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಎರಡು ವೈಂಡಿಂಗ್ ಬೇರೆ ಬೇರೆ. ಆರ್‌ಸಿಸಿಬಿ ಬೀಳುತ್ತದೆ ಎಂದರೆ 230 ವೋಲ್ಟಿನ ಕಡೆಯಲ್ಲೇ ತೊಂದರೆ. ಟ್ರಾನ್ಸ್‌ಫಾರ್ಮರ್ ಎಲ್ಲಿ ಉಂಟು?

ತೋಟದಮನೆ_ಬದಿಯಡ್ಕ:
ಮೊದಲು ಪ್ಯಾನಲ್ ಒಳಗೆ ದಪ್ಪದ್ದೊಂದು ಇತ್ತು. ಅದು ಕಳೆದ ಮಳೆಗಾಲ ಸುಟ್ಟಿತು. ಆಗ ಬಂದವರು ಪೂಲಿನ ದಂಡೆಯ ಬಾಕ್ಸಿನಲ್ಲಿ ಸಣ್ಣ ಎಲ್‌ಇಡಿ ಡ್ರೈವರ್ (ಲೈಟಿಗೆ ಬೇಕಾದಷ್ಟು ಕರೆಂಟ್ ಕೊಡುವ ಪೆಟ್ಟಿಗೆ) ಇಟ್ಟು ಲೈಟ್ ಉರಿಯುವ ಹಾಗೆ ಮಾಡಿಕೊಟ್ಟರು. ಮತ್ತೆ ತೊಂದರೆ ಇರಲಿಲ್ಲ. ಈಗ ಮಳೆ ಬಂದ ಸಂಜೆಯೇ ಜಾಸ್ತಿ ಬೀಳುವುದು.

ನೀರ್ಚಾಲು_ಇಇ:
ಅಯ್ಯೋ. ಹಾಗಾದರೆ 230 ವೋಲ್ಟು ಪ್ಯಾನಲ್‌ನಿಂದ ನೇರ ಪೂಲಿನ ದಂಡೆಗೇ ಬಂದಿದೆ. ಅದು ಅಲ್ಲಿಗೆ ಬರಲೇಬಾರದು.

ಈಜುಕೊಳದ ವಯರಿಂಗಿಗೆ ಐಇಸಿ 60364 ಎಂಬ ಅಂತರರಾಷ್ಟ್ರೀಯ ವಯರಿಂಗ್ ಮಾನದಂಡದಲ್ಲಿ ಒಂದು ಭಾಗವೇ ಉಂಟು, 702. ನೀರಿನ ಒಳಗಿನದ್ದು ಝೋನ್ 0. ದಂಡೆಯಿಂದ 2 ಮೀಟರ್‌ವರೆಗೆ ಝೋನ್ 1. ಅದರಾಚೆ ಇನ್ನೂ ಒಂದೂವರೆ ಮೀಟರ್ ಝೋನ್ 2. ನೀರೊಳಗಿನ ಲೈಟಿಗೆ ಎಸಿ ಆದರೆ 12 ವೋಲ್ಟು, ಡಿಸಿ ಆದರೆ 30 ವೋಲ್ಟು ಮೀರಬಾರದು. ಆ ಕರೆಂಟು ಬರುವ ಸೇಫ್ಟಿ ಟ್ರಾನ್ಸ್‌ಫಾರ್ಮರ್ ಈ ಝೋನ್‌ಗಳ ಹೊರಗೆ ಇರಬೇಕು. ಎಂದರೆ ದಂಡೆಯಿಂದ ಕಡಿಮೆಯೆಂದರೆ ಮೂರೂವರೆ ಮೀಟರ್ ದೂರ.

ಅಗ್ಗದ ಡ್ರೈವರ್‌ಗಳಲ್ಲಿ ಕೆಲವು ಐಸೊಲೇಟೆಡ್ ಅಲ್ಲ, ಅಂದರೆ ಲೈಟಿನ ಕಡೆಯನ್ನು ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಥದ್ದಾದರೆ ನೀರೊಳಗಿನ ವಯರಿನಲ್ಲೇ ಮೇನ್ಸ್ ಇರುತ್ತದೆ. ತಕ್ಷಣ ಲೈಟಿನ ಲೈನ್ ಪ್ಯಾನಲ್‌ನಲ್ಲೇ ಬಿಚ್ಚಿಸಿ.

ವಯರ್‌ಮನ್_ಪೆರ್ಲ:
ಬಿಚ್ಚುವಾಗ ಫೇಸ್, ನ್ಯೂಟ್ರಲ್ ಎರಡೂ ಬಿಚ್ಚಬೇಕು. ಕಾಂಟಾಕ್ಟರ್ ಫೇಸ್ ಒಂದನ್ನೇ ಕಟ್ ಮಾಡುವುದಾದರೆ, ಲೈಟ್ ಆಫ್ ಇದ್ದರೂ ನ್ಯೂಟ್ರಲ್ ಕಡೆಯಿಂದ ಸೋರಿ ಪಂಪ್ ಓಡುವಾಗ ಬೀಳಬಹುದು. ಆಗ ಎಲ್ಲರೂ ಪಂಪಿನ ಮೇಲೆ ತಪ್ಪು ಹಾಕುತ್ತಾರೆ. ಮನೆಯ ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ. ಬಿಚ್ಚಿದ ಮೇಲೆ 500 ವೋಲ್ಟಿನ ಮೆಗ್ಗರ್‌ನಲ್ಲಿ (ವಯರಿನ ಇನ್ಸುಲೇಶನ್ ಅಳೆಯುವ ಮೀಟರ್) ಎರಡು ತಂತಿಯನ್ನೂ ಒಟ್ಟಿಗೆ ಹಿಡಿದು ಅರ್ತಿಗೆ ನೋಡಲಿ. ಡ್ರೈವರ್ ಇದ್ದರೆ ಅದನ್ನು ಮೊದಲು ತೆಗೆದಿಡಬೇಕು. ಒಂದು ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಆ ಕೇಬಲ್ ಬೇಡ. ಪಂಪಿನ ಮೋಟಾರನ್ನೂ ಹಾಗೇ ನೋಡಿಸಿ.

ಕಡಲಬದಿ_ಉಪ್ಪಳ:
ಅರ್ತಿಂಗ್ ನೋಡಿದ್ದಾರಾ? ಬದಿಯಡ್ಕ ಕಡೆ ಎಲ್ಲ ಮುರಕಲ್ಲು. ಅರ್ತಿಂಗ್ ಸರಿ ಇಲ್ಲದಿದ್ದರೆ ಆರ್‌ಸಿಸಿಬಿ ಕೆಲಸವೇ ಮಾಡುವುದಿಲ್ಲ.

ವಯರ್‌ಮನ್_ಪೆರ್ಲ:
ಅದು ಹಾಗಲ್ಲ. ಆರ್‌ಸಿಸಿಬಿಗೆ ಅರ್ತಿನ ವಯರೇ ಇಲ್ಲ, ಫೇಸ್ ಮತ್ತು ನ್ಯೂಟ್ರಲ್ ಅಷ್ಟೇ.

ಕಡಲಬದಿ_ಉಪ್ಪಳ:
ಮತ್ತೆ ಅರ್ತಿಂಗ್ ಯಾಕೆ ಹಾಕುವುದು? ನಮ್ಮಲ್ಲಿ ಪ್ಯಾನಲ್‌ಗೇ ಪ್ರತ್ಯೇಕ ಗುಂಡಿ ತೆಗೆದು ತಾಮ್ರದ ಪ್ಲೇಟ್ ಹಾಕಿಸಿದ್ದೇನೆ.

ನೀರ್ಚಾಲು_ಇಇ:
ಅರ್ತಿಂಗ್ ಸರಿ ಇದ್ದರೆ ದೋಷ ಬಂದ ಕೂಡಲೇ ಕರೆಂಟು ಅದರ ಮೂಲಕ ಹರಿದು ಆರ್‌ಸಿಸಿಬಿ ಬೀಳುತ್ತದೆ, ಯಾರೂ ಮುಟ್ಟುವ ಮೊದಲೇ. ಅರ್ತಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದಾಗ ಅವರ ಮೈಯಿಂದ ಕರೆಂಟು ಹರಿದ ಮೇಲಷ್ಟೇ ಆರ್‌ಸಿಸಿಬಿ ಬೀಳುತ್ತದೆ. ಅದಕ್ಕೇ ಎರಡೂ ಬೇಕು. ಮುರಕಲ್ಲಿನ ಜಾಗದಲ್ಲಿ ಬೇಸಿಗೆಗೆ ಗುಂಡಿ ಒಣಗಿ ಅರ್ತಿನ ಓಮ್ ಏರುತ್ತದೆ, ಆಗಾಗ ನೀರು ಹಾಕಬೇಕು. ಪೂಲಿನ ಸ್ಟೀಲ್ ಏಣಿ, ಕೈಹಿಡಿ, ಪಂಪಿನ ಬಾಡಿ, ಕಾಂಕ್ರೀಟಿನ ಕಂಬಿ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಬಾಂಡಿಂಗ್ ಮಾಡಬೇಕು. ಅಷ್ಟನ್ನು ಬಿಟ್ಟು ಬರೀ ಗುಂಡಿ ತೆಗೆದರೆ ಸಾಲದು.

ತೋಟದಮನೆ_ಬದಿಯಡ್ಕ:
ಲೈಸೆನ್ಸ್ ಇರುವ ಬೇರೆ ವಯರ್‌ಮನ್ ಕರೆಸಿದೆ. ಲೈಟಿನ ಎರಡೂ ತಂತಿ ಬಿಚ್ಚಿದರು. ಸಂಜೆ ಟೈಮರ್ ಬಂತು, ಪಂಪ್ ಓಡಿತು, ಟ್ರಿಪ್ ಆಗಲಿಲ್ಲ. 195 ವೋಲ್ಟಿನಲ್ಲೇ ಓಡಿತು.

ದಂಡೆಯ ಬಾಕ್ಸ್ ಬಿಚ್ಚಿದರು. ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. ಒಳಗೆ ಅರ್ಧದವರೆಗೆ ಮಳೆನೀರು, ನಾಲ್ಕು ಸತ್ತ ಇರುವೆ. ಡ್ರೈವರ್ ಮುಳುಗಿ ಕೂತಿತ್ತು. ಜಾಯಿಂಟಿಗೆ ಬರೀ ಟೇಪ್ ಸುತ್ತಿದ್ದರು. ಟೇಪ್ ಎಳೆದರೆ ತಾಮ್ರ ಹಸಿರು ಪುಡಿಯಾಗಿ ಉದುರಿತು. ಮೆಗ್ಗರ್‌ನ ಮುಳ್ಳು ಸೊನ್ನೆ ಬಿಟ್ಟು ಮೇಲೇಳಲಿಲ್ಲ. ಪಂಪಿನ ಮೋಟಾರು ಚೆನ್ನಾಗಿ ಉಂಟು ಅಂದರು. ನೋಡಿದ ಮೇಲೆ ಕೈಕಾಲು ತಣ್ಣಗಾಯಿತು. ನಿಮಗೆಲ್ಲ ತುಂಬಾ ಉಪಕಾರ.

ಈಗ ಲೈಟ್ ಪೂರ್ತಿ ಬಂದ್. ಇನ್ನು ಆ ಮೊಬೈಲ್ ಪ್ಯಾನಲ್ ಬೇಕಾ? ಹಳೆಯದು ತಗಡಿನ ಬಾಕ್ಸು, ಪಂಪ್ ರೂಮಿನಲ್ಲಿ ಕ್ಲೋರಿನ್ ಡ್ರಮ್ಮಿನ ಪಕ್ಕದಲ್ಲೇ ಉಂಟು. ಟರ್ಮಿನಲ್ ಎಲ್ಲ ಕಪ್ಪಾಗಿವೆ.

ವಯರ್‌ಮನ್_ಪೆರ್ಲ:
ಸಂತೋಷ ಆಯಿತು. ಕ್ಲೋರಿನ್ ಡ್ರಮ್ಮನ್ನು ಇವತ್ತೇ ಹೊರಗಿಡಿ. ಆಸಿಡ್ ಕ್ಯಾನ್ ಇದ್ದರೆ ಅದನ್ನೂ, ಆದರೆ ಎರಡನ್ನೂ ಒಂದೇ ಕಡೆ ಇಡಬೇಡಿ. ಸೇರಿದರೆ ವಿಷದ ಗಾಳಿ ಬರುತ್ತದೆ. ಡ್ರಮ್ಮಿನ ಕ್ಲೋರಿನ್ ಹಬೆಗೇ ನಿಮ್ಮ ಟರ್ಮಿನಲ್ ಕಪ್ಪಾದದ್ದು. ಟರ್ಮಿನಲ್ ಅಷ್ಟು ಹೋಗಿದ್ದರೆ ರಿಪೇರಿಗಿಂತ ಹೊಸ ಪ್ಯಾನಲ್ ಒಳ್ಳೆಯದು. ಆದರೆ ಮೊಬೈಲ್ ಇದೆಯಾ ಎಂದು ನೋಡಿ ಆರಿಸಬೇಡಿ, ಬಾಗಿಲು ತೆರೆದು ಒಳಗೆ ನೋಡಿ ಆರಿಸಿ.

ನಾನಾದರೆ ಧೂಳು, ನೀರು ಒಳಹೋಗದ ಐಪಿ 65ರ ಪಾಲಿಕಾರ್ಬೊನೇಟ್ ಬಾಕ್ಸ್ ಕೇಳುತ್ತೇನೆ. ಕೇಬಲ್ ಎಲ್ಲ ಕೆಳಗಿನಿಂದ, ತೂತನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಹಾಕಿ ಒಳಬರಬೇಕು. ಮೇಲಿನಿಂದ ತೂತು ಮಾಡಿದರೆ ಐಪಿ 65ಕ್ಕೆ ಬೆಲೆಯೇ ಇಲ್ಲ. ಪಂಪಿಗೊಂದು, ಲೈಟಿಗೊಂದು ಬೇರೆ ಬೇರೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲಿ. ಆಗ ಒಂದು ಬಿದ್ದರೂ ಫಿಲ್ಟರ್ ನಿಲ್ಲುವುದಿಲ್ಲ, ದೋಷ ಎಲ್ಲಿ ಎಂದೂ ಗೊತ್ತಾಗುತ್ತದೆ. ಕಾಂಟಾಕ್ಟರ್ ಕೊಳ್ಳುವಾಗ ಎಸಿ-3 ರೇಟಿಂಗ್ ನೋಡಿ. ಮೇಲೆ ದೊಡ್ಡದಾಗಿ ಬರೆದ ಆಂಪಿಯರ್ ಹಲವು ಸಲ ಎಸಿ-1ದ್ದು, ಅದು ಹೀಟರಿನಂಥ ಲೋಡಿಗೆ. ಮೋಟಾರಿಗೆ ಎಸಿ-3ಯೇ ಲೆಕ್ಕ. ಆಟೋ, ಆಫ್, ಮ್ಯಾನುವಲ್ ಸೆಲೆಕ್ಟರ್ ಬೇಕು. ಕರೆಂಟ್ ಹೋದರೂ ಸಮಯ ಮರೆಯದ ಬ್ಯಾಟರಿ ಇರುವ ಟೈಮರ್ ಬೇಕು. ನಮ್ಮ ಕಡೆ ಸಿಡಿಲು ಜಾಸ್ತಿ, ಆದ್ದರಿಂದ ಸರ್ಜ್ ಪ್ರೊಟೆಕ್ಟರ್ ಕೂಡ. ವೋಲ್ಟೇಜ್ ಇಳಿದಾಗ ಪಂಪ್ ನಿಲ್ಲಿಸುವ ರಿಲೇ ಹಾಕಿಸಿದರೆ ಮುಳ್ಳೇರಿಯ ಅಣ್ಣನ ಮಾತೂ ನಡೆಯುತ್ತದೆ. ಅದು ಸಣ್ಣ ಚಿಂತೆ ಅಲ್ಲ, 195ರಲ್ಲಿ ದಿನಾ ಓಡಿದರೆ ಮೋಟಾರು ಬಿಸಿಯಾಗಿ ಆಯುಷ್ಯ ಕಡಿಮೆಯಾಗುತ್ತದೆ.

ನೀರ್ಚಾಲು_ಇಇ:
ಒಂದು ಸೇರಿಸುತ್ತೇನೆ. ಮುಂದೆ ವೇರಿಯಬಲ್ ಸ್ಪೀಡ್ ಪಂಪ್ ಹಾಕುವ ಯೋಚನೆ ಇದ್ದರೆ ಆರ್‌ಸಿಸಿಬಿ ಎಸಿ ಟೈಪ್ ತಗೋಬೇಡಿ. ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಇರುವ ಲೋಡಿನ ಲೀಕೇಜನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಕಡಿಮೆಯೆಂದರೆ ಎ ಟೈಪ್ ಬೇಕು, ಪಂಪಿನ ಕೈಪಿಡಿಯಲ್ಲಿ ಯಾವ ಟೈಪ್ ಎಂದು ಬರೆದಿರುತ್ತದೆ.

ಪಂಪ್‌ಸೆಟ್_ಮುಳ್ಳೇರಿಯ:
ನಾನು ಈಗಲೂ ಸ್ಟೆಬಿಲೈಸರ್ ಬೇಕು ಅನ್ನುತ್ತೇನೆ. ಪಂಪ್ ನಿಲ್ಲಿಸುವ ರಿಲೇ ಹಾಕಿದರೆ ಸಂಜೆ ಫಿಲ್ಟರ್ ಓಡುವುದೇ ಇಲ್ಲ.

ವಯರ್‌ಮನ್_ಪೆರ್ಲ:
ಸಂಜೆ ಯಾಕೆ ಓಡಿಸಬೇಕು? ಟೈಮರನ್ನು ಹಗಲಿಗೆ ತಿರುಗಿಸಿದರೆ ಆಯಿತು. ಬಿಸಿಲಿಗೆ ಪಾಚಿ ಬೆಳೆಯುವ ಹೊತ್ತಿನಲ್ಲೇ ನೀರು ತಿರುಗಿದರೆ ಒಳ್ಳೆಯದು.

ಕುಂಬಳೆ_ಪೂಲ್:
ನಡುವೆ ಬರುತ್ತಿದ್ದೇನೆ. ನಮ್ಮ ಪ್ಯಾನಲ್‌ನಲ್ಲಿ ಕಾಂಟಾಕ್ಟರ್ ಜೋರಾಗಿ ಗುಂಯ್ ಅನ್ನುತ್ತದೆ. ಪಂಪ್ ಓಡುತ್ತದೆ, ಯಾವುದೂ ಬೀಳುವುದಿಲ್ಲ. ಎಣ್ಣೆ ಬಿಡಬಹುದಾ?

ವಯರ್‌ಮನ್_ಪೆರ್ಲ:
ಎಣ್ಣೆ, ಗ್ರೀಸ್ ಏನೂ ಬೇಡ, ಧೂಳು ಅಂಟಿ ಇನ್ನೂ ಕೆಡುತ್ತದೆ. ಮೊದಲು ಕಾಯಿಲಿಗೆ ಎಷ್ಟು ವೋಲ್ಟು ಬರುತ್ತದೆ ನೋಡಿಸಿ. ಕಡಿಮೆ ಇದ್ದರೆ ಅದು ಪೂರ್ತಿ ಎಳೆದು ಕೂರುವುದಿಲ್ಲ. ವೋಲ್ಟೇಜ್ ಸರಿ ಇದ್ದರೆ ಮೇನ್ ಆಫ್ ಮಾಡಿ ಬಿಚ್ಚಿ, ಒಳಗಿನ ಕಬ್ಬಿಣದ ಎರಡು ಮುಖಗಳು ಸೇರುವ ಜಾಗದಲ್ಲಿ ತುಕ್ಕು ಉಂಟಾ ನೋಡಬೇಕು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಪ್ಪುಕಾಗದ ಹಾಕಿ ಉಜ್ಜಬೇಡಿ. ಅಲ್ಲೇ ತಾಮ್ರದ ಸಣ್ಣ ಬಳೆ ಇರುತ್ತದೆ, ಅದು ತುಂಡಾಗಿದ್ದರೆ ಶಬ್ದ ನಿಲ್ಲುವುದಿಲ್ಲ. ಹೊಸ ಕಾಂಟಾಕ್ಟರೇ ಹಾಕಬೇಕು.

ಕುಂಬಳೆ_ಪೂಲ್:
ಬಳೆ ಒಂದು ಕಡೆ ಬಿರುಕು ಬಿಟ್ಟಿದೆ. ಹಳೆಯದರ ಮೇಲೆ 25 ಆಂಪಿಯರ್ ಎಂದು ಉಂಟು, ಎಸಿ-1. ಪಂಪಿಗೆ ಅದೇ ಸೈಜ್ ಸಾಕಾ?

ವಯರ್‌ಮನ್_ಪೆರ್ಲ:
ಪಂಪ್ ಎಷ್ಟು ಎಚ್‌ಪಿ, ಸಿಂಗಲ್ ಫೇಸೋ ತ್ರೀ ಫೇಸೋ ಹೇಳಿ. ನೇಮ್‌ಪ್ಲೇಟಿನ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.