ಡೋಪಮಿನ್ ಕೊರತೆಯ ಕಾಯಿಲೆಗೆ ಥೈರಾಯ್ಡ್ ಪರೀಕ್ಷೆ ಏಕೆ?

ಪ್ರಶ್ನೆ:
ನನ್ನ ತಂದೆಯವರಿಗೆ 61 ವರ್ಷ. ಎಂಟು ತಿಂಗಳಿಂದ ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ ನಡುಗುತ್ತದೆ, ಏನನ್ನಾದರೂ ಹಿಡಿದುಕೊಂಡರೆ ನಡುಕ ನಿಲ್ಲುತ್ತದೆ. ಬರೆಯುವಾಗ ಸಾಲು ಮುಂದುವರಿದಂತೆ ಅಕ್ಷರ ಕಿರಿದಾಗುತ್ತದೆ. ನರರೋಗ ತಜ್ಞರು ಪಾರ್ಕಿನ್ಸನ್ ಕಾಯಿಲೆಯ ಆರಂಭವಿರಬಹುದೆಂದು ಹೇಳಿ ಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಮತ್ತು ಮಿದುಳಿನ ಎಂ.ಆರ್.ಐ. ಮಾಡಿಸಿದರು. ಎರಡೂ ಸಹಜವಾಗಿವೆ, ಆದರೂ ಅವರು ಅಭಿಪ್ರಾಯ ಬದಲಿಸಿಲ್ಲ. ಈ ಕಾಯಿಲೆಯಲ್ಲಿ ಕೊರತೆಯಿರುವುದು ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮಿನ್‌ನದು ಎಂದಾದರೆ ರಕ್ತದಲ್ಲಿ ಅದನ್ನೇ ಏಕೆ ಅಳೆಯುವುದಿಲ್ಲ? ಮಿದುಳಿನ ಡೋಪಮಿನ್ ನರಗಳ ಸ್ಥಿತಿ ತೋರಿಸುವ ಡ್ಯಾಟ್ ಸ್ಕ್ಯಾನ್ ಮಾಡಿಸಿದರೆ ಅನುಮಾನ ಪೂರ್ತಿ ಬಗೆಹರಿಯುತ್ತದೆಯೇ?

ಉತ್ತರ 1:
ರಕ್ತದಲ್ಲಿ ಸಿಗುವ ಡೋಪಮಿನ್ ಬಹುಮಟ್ಟಿಗೆ ಮಿದುಳಿನಾಚೆಯದು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಅದು ದಾಟಲಾರದು. ಔಷಧವಾಗಿ ಡೋಪಮಿನ್ ಬದಲು, ಆ ತಡೆ ದಾಟಿ ಮಿದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಕೊಡುವುದೂ ಇದೇ ಕಾರಣಕ್ಕೆ. ಹಾಗಾಗಿ ರಕ್ತದ ಅಂಕಿಯಿಂದ ಮಿದುಳಿನ ಕೊರತೆ ತಿಳಿಯುವುದಿಲ್ಲ. ಥೈರಾಯ್ಡ್ ಪರೀಕ್ಷೆ ಪಾರ್ಕಿನ್ಸನ್ ಇದೆಯೆಂದು ತೋರಿಸಲು ಅಲ್ಲ, ಅದರಂತೆ ಕಾಣುವ ಬೇರೆ ತೊಂದರೆಯನ್ನು ತಳ್ಳಿಹಾಕಲು: ಥೈರಾಯ್ಡ್ ಹೆಚ್ಚಾದರೆ ಕೈ ನಡುಗುತ್ತದೆ, ಕಡಿಮೆಯಾದರೆ ಚಲನೆ ನಿಧಾನವಾಗುತ್ತದೆ. ಸಾಮಾನ್ಯ ಎಂ.ಆರ್.ಐ. ಕೂಡ ಹಾಗೆಯೇ. ಪಾರ್ಕಿನ್ಸನ್‌ನ ಆರಂಭದಲ್ಲಿ ಅದು ಸಹಜವಾಗಿರುವುದೇ ವಾಡಿಕೆ. ಸಣ್ಣ ಸಣ್ಣ ಪಾರ್ಶ್ವವಾಯುಗಳು, ಗಡ್ಡೆ ಅಥವಾ ಮಿದುಳಿನ ಕುಹರಗಳಲ್ಲಿ ನೀರು ತುಂಬಿರುವುದು ಇದ್ದರೆ ಗೊತ್ತಾಗಲೆಂದು ಅದನ್ನು ಮಾಡಿಸುತ್ತಾರೆ. ನಿಮ್ಮ ವೈದ್ಯರು ಅಭಿಪ್ರಾಯ ಬದಲಿಸದಿರುವುದರಲ್ಲಿ ವಿರೋಧಾಭಾಸವೇನೂ ಇಲ್ಲ.

ಉತ್ತರ 2:
ಡ್ಯಾಟ್ ಸ್ಕ್ಯಾನ್ ಕುರಿತು ಹೇಳುತ್ತೇನೆ. ಅಯೋಡಿನ್-123 ಸೇರಿಸಿದ ಅಯೋಫ್ಲುಪೇನ್ ಎಂಬ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಿ, ಮೂರರಿಂದ ಆರು ಗಂಟೆಗಳ ನಂತರ ಚಿತ್ರ ತೆಗೆಯುತ್ತಾರೆ. ಡೋಪಮಿನ್ ಬಿಡುಗಡೆ ಮಾಡುವ ನರತುದಿಗಳು ಚೆನ್ನಾಗಿದ್ದರೆ ಮಿದುಳಿನ ಎರಡೂ ಬದಿಯಲ್ಲಿ ಅಲ್ಪವಿರಾಮದ ಆಕಾರ ಕಾಣುತ್ತದೆ. ಅವು ನಶಿಸಿದಂತೆ ಬಾಲ ಅಳಿಸಿ ಬರಿಯ ಚುಕ್ಕೆ ಉಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2011ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕದಲ್ಲಿ ಚಿತ್ರ ಸಹಜವಾಗಿರುವುದರಿಂದ ಆ ಗೊಂದಲವನ್ನು ಅದು ಚೆನ್ನಾಗಿ ಬಿಡಿಸುತ್ತದೆ. ಆದರೆ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಂಥ ಸೋದರ ಕಾಯಿಲೆಗಳಲ್ಲೂ ನರತುದಿಗಳು ನಶಿಸುವುದರಿಂದ, ಪಾರ್ಕಿನ್ಸನ್ನನ್ನು ಅವುಗಳಿಂದ ಬೇರ್ಪಡಿಸಲು ಅದು ಹೆಚ್ಚು ನೆರವಾಗದು. ನೀವು ವಿವರಿಸಿದ ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವಾಗ ಸ್ಕ್ಯಾನ್ ಅಗತ್ಯವೆಂದು ನನಗೆ ಅನಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಒಂದು ಮಾತು ಬಿಟ್ಟುಹೋಗಿತ್ತು. ತಲೆಸುತ್ತಿಗೆಂದು ಅವರು ಒಂದು ವರ್ಷದಿಂದ ಸಿನ್ನಾರಿಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಉತ್ತರ 2:
ಹಾಗಾದರೆ ನನ್ನ ಕೊನೆಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಸಿನ್ನಾರಿಜಿನ್, ಫ್ಲುನಾರಿಜಿನ್, ಮೆಟೊಕ್ಲೋಪ್ರಮೈಡ್ ಮುಂತಾದವು ಡೋಪಮಿನ್ ಗ್ರಾಹಕಗಳಿಗೆ (ಅದರ ಸಂದೇಶ ಪಡೆಯುವ ಭಾಗಗಳಿಗೆ) ಅಡ್ಡಿಮಾಡಿ ಪಾರ್ಕಿನ್ಸನ್ನಿನ ಲಕ್ಷಣಗಳನ್ನೇ ತರಬಲ್ಲವು. ನರತುದಿಗಳು ಮಾತ್ರ ಹಾಗೆಯೇ ಇರುವುದರಿಂದ, ಬರಿಯ ಔಷಧದಿಂದ ಬಂದದ್ದಾದರೆ ಸ್ಕ್ಯಾನ್ ಸಾಮಾನ್ಯವಾಗಿ ಸಹಜವಾಗಿರುತ್ತದೆ. ಈಗ ಆ ಪರೀಕ್ಷೆಗೆ ಉತ್ತರಿಸಬಲ್ಲ ಪ್ರಶ್ನೆಯೊಂದು ಸಿಕ್ಕಿದೆ. ಮಾತ್ರೆಯ ವಿಷಯವನ್ನು ಕೂಡಲೇ ತಜ್ಞರಿಗೆ ತಿಳಿಸಿ. ಅವರು ಮೊದಲು ಅದನ್ನು ನಿಲ್ಲಿಸಿ ನೋಡೋಣವೆನ್ನಬಹುದು, ಆದರೆ ಲಕ್ಷಣಗಳು ಇಳಿಯಲು ಹಲವು ತಿಂಗಳು ಹಿಡಿಯಬಹುದು.

ಉತ್ತರ 1:
ಸ್ಕ್ಯಾನ್ ಮಾಡಿಸುವುದಾದರೆ ಇತರ ಔಷಧಗಳ ಪಟ್ಟಿಯನ್ನೂ ಕೊಡಿ. ಬ್ಯುಪ್ರೋಪಿಯಾನ್, ಮಿಥೈಲ್‌ಫೆನಿಡೇಟ್‌ನಂಥವು ಚಿತ್ರವನ್ನು ಕೆಡಿಸುತ್ತವೆ. ಚುಚ್ಚುವ ದ್ರವ್ಯದಲ್ಲಿ ವಿಕಿರಣಶೀಲ ಅಯೋಡಿನ್ ಇರುವುದರಿಂದ, ಅದು ಥೈರಾಯ್ಡ್ ಗ್ರಂಥಿಗೆ ಸೇರದಂತೆ ಮುಂಚೆಯೇ ಒಂದು ಔಷಧ ಕೊಡುತ್ತಾರೆ. ಅದನ್ನು ಕಂಡು ಥೈರಾಯ್ಡ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ.