ಶೀಟ್ ಕತ್ತರಿಸಿ ಕೊಟ್ಟ ಮಾತ್ರೆ ಅಸಲಿ ಅಂತ ಹೆಂಗ ನೋಡೋದು?

ಹಾನಗಲ್ಲ ಹುಡುಗ:
ನಮ್ಮವ್ವಗ ಬಿಪಿ ಶುಗರ್ ಎರಡೂ ಅದಾವ, ನಾ ಬೆಂಗ್ಳೂರಾಗ ಇರ್ತೀನಿ, ಊರಾಗ ಇರೋದು ಒಂದ ಮೆಡಿಕಲ್ ಶಾಪು. ಹೋದ ತಿಂಗ್ಳು ಊರಿಗೆ ಹೋದಾಗ ಆಕಿ ಮಾತ್ರೆ ಡಬ್ಬಿ ತಗದು ನೋಡಿದ್ರ ಎಲ್ಲಾ ಐದೈದಕ್ಕ ಕತ್ತರಿಸಿದ ತುಂಡು, ಒಂದರ ಮ್ಯಾಲೂ ಎಕ್ಸ್‌ಪೈರಿ ಇಲ್ಲ ಬ್ಯಾಚ್ ಇಲ್ಲ, "ಟೆಲ್ಮಿ" ಅಂತ ಅರ್ಧ ಹೆಸರು ಅಷ್ಟ ಉಳದದ. ಬಿಲ್ ಕೇಳಿದ್ರ "ನಿಮ್ಮವ್ವಾರು ಎಂದೂ ಕೇಳಿಲ್ರಿ" ಅಂದ. ಅವ್ವ ನನಗ ಬೈದ್ಲು, ಉದ್ರಿ ಕೊಡಾವ ಅವನ ಒಬ್ಬ, ಜಗಳ ತಗೀಬ್ಯಾಡ ಅಂತ. ಬಿಪಿ ಬ್ಯಾರೆ 160ರಿಂದ ಇಳೀವಲ್ದು. ಮಾತ್ರೆ ಖೊಟ್ಟಿ ಇರಬಹುದಾ?

ಕೌಂಟರ್ ಒಳಗಿನವ:
ನಾನೂ ಮೆಡಿಕಲ್ ಇಟ್ಟಿದೀನಿ ಸಾರ್. ಕಟ್ ಮಾಡಿ ಕೊಡೋದೇ ತಪ್ಪು ಅನ್ಬೇಡಿ, ಪೂರ್ತಿ ಶೀಟಿಗೆ ದುಡ್ಡಿಲ್ದೋರು ದಿನಾ ಬರ್ತಾರೆ. ಆದ್ರೆ ಬ್ಯಾಚು, ಎಕ್ಸ್‌ಪೈರಿ ಇರೋ ತುದಿ ನಮ್ಮ ಹತ್ರ ಉಳಿಸ್ಕೊಂಡು ಆ ನಂಬರ್ ಬಿಲ್ಲಲ್ಲಿ ಹಾಕಿ ಕೊಡ್ಬೇಕು, ಬಿಲ್ಲೂ ಇಲ್ಲ ತುದಿಯೂ ಇಲ್ಲ ಅಂದ್ರೆ ನಾಳೆ ಏನಾದ್ರೂ ಆದ್ರೆ ಯಾವ ಮಾಲು ಅಂತ ಯಾರು ಹುಡುಕ್ತಾರೆ? ಹೆಂಗೂ ತಿಂಗಳಿಗೆ 30 ಬೇಕಲ್ವಾ, ಪೂರ್ತಿ ಶೀಟೇ ತಗೊಳ್ಳಿ. ಇನ್ನೊಂದು, ಅಮ್ಮ ದಿನಾ ನುಂಗ್ತಿದಾರಾ ಕೇಳಿ ಮೊದ್ಲು.

ಸ್ಕ್ಯಾನ್ ಮಾಡಿ ನೋಡು:
ಕ್ಯೂಆರ್ ಕೋಡ್ ಇದ್ರೆ ಸ್ಕ್ಯಾನ್ ಮಾಡಿ, ಕಂಪನಿ, ಬ್ಯಾಚು, ಲೈಸೆನ್ಸ್ ನಂಬರ್ ಎಲ್ಲ ಬರತ್ತೆ. ಆದ್ರೆ 2023 ಆಗಸ್ಟ್ 1ರಿಂದ ಕಡ್ಡಾಯ ಮಾಡಿದ್ದು ಬರೀ 300 ಬ್ರಾಂಡಿಗೆ.

ತುಮಕೂರು ಸಿಸ್ಟರ್:
ಅನುಮಾನ ಅಂತ ಮಾತ್ರೆ ನಿಲ್ಲಿಸ್ಬೇಡಿ, ದಯವಿಟ್ಟು. ಪಿಎಚ್‌ಸಿಗೆ ಕರ್ಕೊಂಡು ಹೋಗಿ, ಬಿಪಿ ಶುಗರ್ ಮಾತ್ರೆ ಫ್ರೀ, ಸ್ಟಾಕ್ ಇದ್ದಾಗ (ಇಲ್ದಿದ್ದಾಗ ನಮಗೂ ಬೈಗುಳ ಫ್ರೀ). ಬ್ಯಾಚ್ ನಂಬರ್ ಯಾಕೆ ಬೇಕು ಅಂದ್ರೆ, 2024 ನವೆಂಬರಲ್ಲಿ ಬಳ್ಳಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂತಲ್ಲ, ರಾಜ್ಯದ ಲ್ಯಾಬಲ್ಲಿ ಫೇಲ್ ಆದ ಬ್ಯಾಚಲ್ಲಿ ಕೆಲವು ಕೇಂದ್ರದ ಲ್ಯಾಬಲ್ಲಿ ಪಾಸ್ ಆಗಿದ್ವು. ಆಗ ಬಾಟಲಿ ತಿರುಗಿಸಿ ತಿರುಗಿಸಿ ನಂಬರ್ ಓದಿದ್ದೇ ನಮ್ಮ ಕೆಲಸ. ಫೇಲ್ ಆದ ಔಷಧಿ ಪಟ್ಟಿ ಪ್ರತಿ ತಿಂಗಳು ಬರತ್ತೆ, ಬರೋ ಹೊತ್ತಿಗೆ ಅರ್ಧ ಜನ ನುಂಗಿ ಮುಗಿಸಿರ್ತಾರೆ ಅದು ಬೇರೆ ಮಾತು. ಅಂಗಡಿಯವ ಬಿಲ್ ಕೊಡೋದೇ ಇಲ್ಲ ಅಂದ್ರೆ ಜಿಲ್ಲಾ ಡ್ರಗ್ಸ್ ಆಫೀಸಿಗೆ ಒಂದು ಅರ್ಜಿ ಹಾಕಿ.

ಹಾನಗಲ್ಲ ಹುಡುಗ:
ಅವ್ವಗ ಫೋನ್ ಮಾಡಿ ಕೇಳಿದೆ. ದಿನಾ ಬಿಟ್ಟು ದಿನಾ ನುಂಗಾಕತ್ತಾಳಂತ, "ಲಗೂ ಮುಗದ್ರ ಮತ್ತ ಉದ್ರಿ ಹೇಳಬೇಕಲ್ಲೋ" ಅಂದ್ಲು. ಐತವಾರ ಊರಿಗೆ ಹೊಂಟೀನಿ, ಮೊದ್ಲ ಉದ್ರಿ ಚುಕ್ತಾ ಮಾಡಿ ಆಮ್ಯಾಲ ಬಿಲ್ ಕೇಳ್ತೀನಿ.